ಸಾಹುಕಾರರ ಮನೆಯ ಒಟಿಪಿ

ಒಟಿಪಿ ಬೇಕಾದರೆ ಮೊದಲು ಸಗಣಿ ಹೊರಬೇಕು.

ಗುರುಬಸವ ಸಾಹುಕಾರನ ಮನೆಯಲ್ಲಿ ಅದು ಹಾಗೇ ನಡೆದಿತ್ತು. ಗೋಡೆಗೆ ಬರೆದು ಹಚ್ಚಿದ ಕಾಯಿದೆಯೇನಲ್ಲ. ಕಸ್ತೂರೆಮ್ಮ ಮೊದಲ ಸಲ ಅವನ ಅಂಗಳಕ್ಕೆ ಬಂದು ನಿಂತಾಗ ಅವನು ತೂಗುಮಂಚದ ಮೇಲೆ ಕಾಲಾಡಿಸುತ್ತ, "ಹೆಂಗೂ ಬಂದೀದಿ, ಆ ಎಮ್ಮಿ ಕೊಟ್ಟಗಿ ಒಂದೀಟು ಹಸನ ಮಾಡಬೇ," ಅಂದಿದ್ದ. ಎರಡನೆಯ ಸಲ ಅಷ್ಟೂ ಹೇಳಲಿಲ್ಲ. ಬುಟ್ಟಿಯ ಕಡೆ ಗದ್ದ ಎತ್ತಿದ. ಆಮೇಲಾಮೇಲೆ ಗದ್ದವೂ ಏಳಲಿಲ್ಲ.

ಈ ಹೊತ್ತೂ ಅವಳು ಬುಟ್ಟಿ ಹೊತ್ತಳು. ಹಸಿ ಸಗಣಿ. ನೀರು ಸೋರಿ ಕಿವಿಯ ಹಿಂದಿನಿಂದ ಕುಪ್ಪಸದೊಳಕ್ಕೆ ಇಳಿಯಿತು. ಎಮ್ಮೆ ಅವಳದಲ್ಲ. ಕೊಟ್ಟಿಗೆ ಅವಳದಲ್ಲ. ಅವಳದು ಅನ್ನುವುದು ದೂರದ ಗದ್ದೆಯಲ್ಲಿತ್ತು. ಗೊರಸು ಕೊಳೆತು ಮೂರು ಕಾಲಿನ ಮೇಲೆ ನಿಂತ ಒಂದು ಕುರಿ. ಅದರ ಪಕ್ಕ ಔಷಧಿ ಪೆಟ್ಟಿಗೆ ತೆರೆದುಕೊಂಡು ಕುರಿ ಮದ್ದಿನ ಹುಡುಗಿ ನಾಹೀದಾ ಮಂಡಿಯೂರಿ ಕೂತಿದ್ದಳು. ಔಷಧಿ ಇತ್ತು, ಸೂಜಿ ಇತ್ತು, ಹಾಕುವವಳೂ ಇದ್ದಳು. ನಾಲ್ಕು ಅಂಕಿ ಇರಲಿಲ್ಲ. ಕುರಿಗೆ ಏನು ಮಾಡಬೇಕಾದರೂ ಅದರ ಮಾಲೀಕರ ಫೋನಿಗೆ ನಾಲ್ಕು ಅಂಕಿ ಬರುತ್ತವೆ. ಅವನ್ನು ಒತ್ತಿದರೇ ನಾಹೀದಾಳ ಫೋನು ಮುಂದಕ್ಕೆ ಹೋಗುತ್ತದೆ. ಫೋನಿನ ಪ್ರಕಾರ ಆ ಕುರಿಯ ಮಾಲೀಕ ಗುರುಬಸವ. ನಾಹೀದಾ ಫೋನ್ ಮಾಡಿದರೆ ಅವನು ಎತ್ತುವುದಿಲ್ಲ. ಕುರಿಯವರು ಬಂದು ಕೇಳಲಿ ಅನ್ನುತ್ತಾನೆ.

"ಸಾವ್ಕಾರ್ರ, ಹಸನಾತ್ರಿ. ಆ ನಂಬರ ಹೇಳ್ರಿ."

ಗುರುಬಸವ ಹೊಟ್ಟೆಯ ಮೇಲಿದ್ದ ಫೋನನ್ನು ಎತ್ತಿ ಕಣ್ಣಿನಿಂದ ದೂರ ಹಿಡಿದ.

"ಏಳು. ಎರಡು. ಆಮ್ಯಾಲ ಒಂಬತ್ತೋ ಸೊನ್ನಿಯೋ. ಶೇಖರಮ್ಮಾ, ನನ್ನ ಚಸ್ಮಾ ಎಲ್ಲೈತಿ?"

ಒಳಗಿನಿಂದ ಹೆಂಡತಿಯ ಕೈಯಲ್ಲಿ ಚಸ್ಮಾ ಬಂತು. ಅದರ ಜೊತೆ ಚಹಾ ಬಂತು. ಚಹಾ ಮುಗಿಯಿತು. ಅಂಕಿ ಪೂರ್ತಿಯಾದವು. ಕಸ್ತೂರೆಮ್ಮ ಸೆರಗಿಗೆ ಕೈ ಒರೆಸಿಕೊಂಡು ತನ್ನ ಗುಂಡಿ ಫೋನಿನಲ್ಲಿ ನಾಹೀದಾಳಿಗೆ ಹೇಳಿದಳು.

"ಅಕ್ಕಾರ, ಹೊತ್ತು ಮೀರೇತ್ರಿ. ಆ ನಂಬರ ಈಗ ನಡಿಯಾಂಗಿಲ್ಲ. ಹೊಸಾದು ಕಳಸ್ತೀನಿ, ಕೇಳ್ರಿ," ಆ ಕಡೆಯಿಂದ ನಾಹೀದಾ ಅಂದಳು.

ಸಾಹುಕಾರನ ಹೊಟ್ಟೆಯ ಮೇಲೆ ಫೋನು ಟಣ್ ಅಂದಿತು. ಅವನು ಅದನ್ನು ನೋಡಿದ. ಕೊಟ್ಟಿಗೆಯ ಮೇವಿನ ತೊಟ್ಟಿಯ ಕಡೆ ನೋಡಿದ.

"ಆ ಗ್ವಾದಲಿ ಮೂಲಿ ಹಂಗ ಉಳದೈತಲ್ಲಬೇ," ಅಂದ.

ಕಸ್ತೂರೆಮ್ಮ ಮತ್ತೆ ಬುಟ್ಟಿ ಎತ್ತಿದಳು.

ಅವಳ ಊರು ಕುಷ್ಟಗಿ ಕಡೆಯ ಜಾಲಿಗುಡ್ಡ. ಅಲ್ಲಿಯ ಹುಲ್ಲು ಒಣಗುತ್ತಲೂ ಕುರುಬರು ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಇಳಿಯುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಹಗಲು ಮೇಯಿಸುವುದು, ರಾತ್ರಿ ಅಲ್ಲೇ ಬಲೆ ಕಟ್ಟಿ ಹಟ್ಟಿ ಹಾಕುವುದು. ಹಿಕ್ಕೆ, ಗಂಜಲ ಬಿದ್ದ ಮಣ್ಣು ಮುಂದಿನ ಬೆಳೆಗೆ ಕೊಬ್ಬುತ್ತದೆ. ಅದಕ್ಕೆ ಗದ್ದೆಯವರು ಕಾಳು ಅಳೆದು ಕೊಡುತ್ತಾರೆ. ಅವಳ ಅತ್ತೆಯೂ ಹೀಗೇ ಇಳಿದು ಬಂದವಳು, ಅತ್ತೆಯ ಅತ್ತೆಯೂ.

ನಡಿಗೆಯಲ್ಲಿ ಗಂಡ ಕನಕಪ್ಪ ಮುಂದೆ, ಕಸ್ತೂರೆಮ್ಮ ಹಿಂದೆ, ನಡುವೆ ಕುರಿ. ಹಿಂದಿನವರಿಗೇ ಕೆಲಸ ಹೆಚ್ಚು. ಕುಂಟುವುದನ್ನು ಎತ್ತಿಕೊಳ್ಳಬೇಕು. ದಾರಿಯಲ್ಲಿ ಹುಟ್ಟಿದ ಮರಿಯನ್ನು ಜೋಳಿಗೆಗೆ ಹಾಕಬೇಕು. ಲಾರಿಯವರ ಬೈಗುಳ ಕೇಳಬೇಕು. ಕಸ್ತೂರೆಮ್ಮ ಬೈಗುಳಕ್ಕೆ ಬೈಗುಳ ಕೊಡುತ್ತಿದ್ದಳು. ಲಾರಿ ಕಣ್ಮರೆಯಾದ ಮೇಲೂ ಕೊಡುತ್ತಲೇ ಇರುತ್ತಿದ್ದಳು.

ಹೋದ ವರ್ಷ ಹಿಂಡಿಗೆ ಬೇನೆ ಬಿದ್ದಿತ್ತು. ಬಾಯಿ ಹುಣ್ಣು, ಕೆಮ್ಮು, ನೀರು ನೀರು ಭೇದಿ. ಮರಿಗಳನ್ನೆಲ್ಲ ಅವಳೇ ಎತ್ತಿ ಗುಂಡಿಗೆ ಹಾಕಿದ್ದಳು. ಹಾಲು ತುಂಬಿದ ಕೆಚ್ಚಲು ಹೊತ್ತ ತಾಯಿ ಕುರಿಗಳು ಗುಂಡಿಯ ಸುತ್ತ ಒದರುತ್ತ ನಿಂತಿದ್ದವು.

ಅದಕ್ಕೇ ಈ ಸಲ ಕಾರಟಗಿ ಕಡೆಯ ಕ್ಯಾಂಪಿಗೆ, ಕಾಲುವೆ ಬಂದ ಮೇಲೆ ಎದ್ದ ಊರಿಗೆ, ಬಂದಾಗ ನಾಹೀದಾ ಸಿಕ್ಕದ್ದು ಅವಳಿಗೆ ಭಾಗ್ಯವೆನಿಸಿತು. ಕ್ಯಾಂಪಿನ ಸೈಕಲ್ ಅಂಗಡಿಯವರ ಮಗಳು ನಾಹೀದಾ. ಒಂದು ಸಂಸ್ಥೆಯವರು ಅವಳಿಗೆ ತರಬೇತಿ ಕೊಟ್ಟು, ಔಷಧಿ ಪೆಟ್ಟಿಗೆ ಕೊಟ್ಟು, ಹಟ್ಟಿಬಂಧು ಅನ್ನುವ ಆ್ಯಪು ಹಾಕಿದ ಫೋನು ಕೊಟ್ಟಿದ್ದರು. ಸ್ಕೂಟಿಯ ಮೇಲೆ ಕಾಲುವೆ ಏರಿ ಹಿಡಿದು ಹಟ್ಟಿ ಹಟ್ಟಿಗೆ ತಿರುಗುತ್ತಿದ್ದಳು. ಕುರಿಯ ಬಾಯಿ ತೆರೆದು ಫೋಟೊ ಹೊಡೆದು ಕಳಿಸಿದರೆ ಗಂಗಾವತಿಯಲ್ಲಿದ್ದ ಡಾಕ್ಟರು ನೋಡಿ, ಇಂಥ ಔಷಧಿ ಇಷ್ಟು ಹಾಕು ಎಂದು ಆಗಿಂದಾಗಲೇ ಹೇಳುತ್ತಿದ್ದರು.

"ಗಂಗಾವತ್ಯಾಗ ಕುಂತು ಇಲ್ಲಿ ಕುರಿ ನಾಲಿಗಿ ನೋಡ್ತಾರಂದ್ರ," ಕಸ್ತೂರೆಮ್ಮ ಸೀರೆ ಎತ್ತಿ ಕಾಲು ಚಾಚಿದ್ದಳು, "ನನ್ನ ಮಣಕಾಲೂ ತೋರ್ಸವ್ವ. ಭಾಳ ನೋಯ್ತೈತಿ."

ನಾಹೀದಾ ನಕ್ಕು ನಕ್ಕು ಸುಸ್ತಾಗಿದ್ದಳು. ಆಮೇಲೆ ಆ್ಯಪಿನಲ್ಲಿ ಹೆಸರು ಬರೆದುಕೊಂಡಳು. ಊರು ಕೇಳಿತು. ಜಾಲಿಗುಡ್ಡ ಅಂದರು. ಪಟ್ಟಿಯಲ್ಲಿ ಜಾಲಿಗುಡ್ಡ ಇರಲಿಲ್ಲ. ಕಾಲುವೆ ಕೆಳಗಿನ ಊರುಗಳು ಮಾತ್ರ ಇದ್ದವು. ನಾಹೀದಾ ಬೆರಳಿನಿಂದ ಮೇಲೆ ಕೆಳಗೆ ಜಾರಿಸಿದಳು. ಕೆಂಪು ಅಕ್ಷರ ಮೂಡಿತು. ನೀವು ಸೇವಾ ವ್ಯಾಪ್ತಿಯ ಹೊರಗಿದ್ದೀರಿ.

"ಏನಂತೈತಿ ಅದು?"

"ನೀವು ಹೊರಗಿನವ್ರಂತ್ರಿ."

"ಕುರಿ ಇಲ್ಲೇ ಅದಾವಲ್ಲವ್ವ. ಇಲ್ಲೇ ಕೆಮ್ಮಾಕತ್ಯಾವ. ಅದಕ್ಕ ಕೇಳ್ಸವಲ್ದೇನು?"

"ಅದಕ್ಕ ಮೊದಲ ಊರು ಬೇಕ್ರಿ ಅಕ್ಕಾರ. ಕೆಮ್ಮು ಆಮ್ಯಾಲ."

ಆಗ ಬಂದವನು ಗುರುಬಸವ. ಗದ್ದೆ ಅವನದು. ಕ್ಯಾಂಪಿನ ರೈಸ್ ಮಿಲ್ಲೂ ಅವನದು. ಬುಲೆಟ್ ಗಾಡಿಯಿಂದ ಇಳಿಯದೆಯೇ ಎಲ್ಲ ಕೇಳಿಸಿಕೊಂಡ.

"ಅಷ್ಟಕ್ಯಾಕ ತಲಿ ಕೆಡಿಸ್ಕೊಂತೀರಿ? ನನ್ನ ಹೆಸರಿನಾಗ ಹಾಕವ್ವ ನಾಹೀದಾ. ನಮ್ಮ ಹೊಲದಾಗ ಅದಾರಂದ್ರ ನಮ್ಮವರ ಅಲ್ಲೇನು? ಹೆಸರಿನಾಗೇನೈತಿ."

ಕನಕಪ್ಪ ಕೈ ಮುಗಿದ. ಕಸ್ತೂರೆಮ್ಮನೂ ಮುಗಿದಳು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಅಂಗೈ ಉರಿಯುತ್ತಿತ್ತು.

ಕುರಿಗಳ ಕಿವಿಗೆ ಹಳದಿ ಬಿಲ್ಲೆ ಹೊಡೆದರು. ಬಿಲ್ಲೆಗೊಂದು ನಂಬರು. ನಂಬರಿನ ಹಿಂದೆ ಸಾಹುಕಾರನ ಹೆಸರು. ಒಂದೊಂದು ಕುರಿಯನ್ನೂ ಎರಡು ಮಂಡಿಯ ನಡುವೆ ಅಮುಕಿ ಹಿಡಿದವಳು ಕಸ್ತೂರೆಮ್ಮನೇ. ಒಂದೊಂದು ಕಿವಿಯಿಂದಲೂ ರಕ್ತ ಜಿನುಗಿ ಅವಳ ಬೆರಳಿಗೆ ಹತ್ತಿತು. ಸಂಜೆಯ ಹೊತ್ತಿಗೆ ಅವಳ ತೋಳು ಎತ್ತಲು ಬರದಂತಾಗಿತ್ತು. ಆದರೆ ಈ ಸಲ ಮರಿಗಳು ಬದುಕಿದವು. ಅದು ಸುಳ್ಳಲ್ಲ. ಔಷಧಿ ಬಂತು, ಲಸಿಕೆ ಬಂತು, ಕೆಮ್ಮು ನಿಂತಿತು. ಆಚೆ ಗದ್ದೆಯಲ್ಲಿ ಹಟ್ಟಿ ಹಾಕಿದ್ದ ಮುದುಕ ದ್ಯಾಮಣ್ಣ, ಏರಿಯ ಬದಿಗಿದ್ದ ಶಿವಲಿಂಗಮ್ಮ, ಹೀಗೆ ಕ್ಯಾಂಪಿನ ಸುತ್ತಲಿದ್ದ ಕುರಿಯವರೆಲ್ಲ ತಮ್ಮ ಕುರಿಗಳಿಗೂ ಅದೇ ಹೆಸರಿನ ಬಿಲ್ಲೆ ಹೊಡೆಸಿದರು.

ಒಂದು ಮರಿಯ ಬಾಲವನ್ನೂ ಹಿಡಿಯದೆ ಗುರುಬಸವ ಆ ಸೀಮೆಗೇ ದೊಡ್ಡ ಕುರಿಗಾರನಾದ. ಸಂಸ್ಥೆಯವರು ಅವನನ್ನು ಕರೆದು ಮಾದರಿ ಕುರಿ ಸಾಕಾಣಿಕೆದಾರ ಎಂದು ಶಾಲು ಹೊದಿಸಿದರು. ಮಿಲ್ಲಿನ ಆಫೀಸಿನಲ್ಲಿ ಫೋಟೊ ತೂಗಿತು. ಅದರಲ್ಲಿ ಸಾಹುಕಾರ ಕಸ್ತೂರೆಮ್ಮನ ದೊಡ್ಡ ಟಗರನ್ನು ತಬ್ಬಿಕೊಂಡಿದ್ದ. ಹೆಗಲ ಮೇಲೆ ಕಂಬಳಿ ಇತ್ತು. ಕಂಬಳಿ ಕನಕಪ್ಪನದು. ಫೋಟೊಕ್ಕೆಂದು ಇಸಿದುಕೊಂಡು ಹೋಗಿದ್ದು, ಮರಳಿ ಬಂದಾಗ ಅತ್ತರಿನ ವಾಸನೆ ಹೊಡೆಯುತ್ತಿತ್ತು. ಕುರಿಗಳು ಎರಡು ದಿನ ಕನಕಪ್ಪನ ಹತ್ತಿರ ಸುಳಿಯಲಿಲ್ಲ.

ಕಂಬಳಿಯ ವಿಷಯಕ್ಕೆ ಗಂಡ ಹೆಂಡತಿ ನಕ್ಕಿದ್ದರು. ಟಗರಿನ ವಿಷಯಕ್ಕೆ ನಗು ಬರಲಿಲ್ಲ.

ಕುರಿ ವ್ಯಾಪಾರಿ ಕಾಸೀಮಸಾಬ ಪ್ರತಿ ವರ್ಷ ಅವರಿಂದ ಟಗರು ಒಯ್ಯುವವನು. ಈ ಸಲ ಬಂದು, ಬೆನ್ನು ಮುಟ್ಟಿ ನೋಡಿ ತಲೆದೂಗಿದ. ಆಮೇಲೆ ಕಿವಿಯ ಬಿಲ್ಲೆಗೆ ಫೋನ್ ಹಿಡಿದ.

"ಕನಕಪ್ಪಣ್ಣಾ, ಇದು ಗುರುಬಸವ ಸಾವ್ಕಾರ್ರ ಮಾಲು ಅಂತ ತೋರಸ್ತೈತಿ. ಅವರ ಒಟಿಪಿ ಇಲ್ಲದ ನಾ ಮುಟ್ಟಾಂಗಿಲ್ಲಪಾ. ನಾಳೆ ಕಳವಿನ ಮಾಲಂತ ನನ್ನ ಮ್ಯಾಲ ಬರ್ತೈತಿ."

"ನಿನಗ ಗೊತ್ತೈತಲ್ಲ ಸಾಬಣ್ಣ, ಇದು ಹುಟ್ಟಿದ್ದು ನನ್ನ ಕೈಯಾಗ," ಅಂದಳು ಕಸ್ತೂರೆಮ್ಮ.

"ನನಗ ಗೊತ್ತೈತಿ ತಂಗಿ. ಇದಕ್ಕ ಗೊತ್ತಿಲ್ಲ." ಅವನು ಫೋನು ತೋರಿಸಿದ. ಅವನ ಮುಖದಲ್ಲೂ ಸಂತೋಷವಿರಲಿಲ್ಲ.

ಕಸ್ತೂರೆಮ್ಮ ಅಂಗಳಕ್ಕೆ ಹೋದಳು. ಸಗಣಿ ಹೊತ್ತಳು. ಕೊಟ್ಟಿಗೆ ತೊಳೆದಳು. ಅಂಕಿ ಕೇಳಿದಳು.

"ಟಗರು ಈಗ್ಯಾಕ ಮಾರ್ತಿ?" ಗುರುಬಸವ ಅಂದ. "ಹಬ್ಬದ ಮುಂದ ರೇಟು ಏರ್ತೈತಿ. ಆವಾಗ ನೋಡೂಣು. ನನ್ನ ಕುರಿ ನಾ ಅಗ್ಗಕ್ಕ ಕೊಡಾಂವಲ್ಲ."

ಅಂದು ನಕ್ಕ. ತಮಾಷೆಗೆ ಅಂದದ್ದು ಅನ್ನುವ ಹಾಗೆ ನಕ್ಕ. ಕಸ್ತೂರೆಮ್ಮ ನಗಲಿಲ್ಲ. ಟಗರು ಉಳಿಯಿತು. ಕಾಸೀಮಸಾಬ ಬರಿಗೈಲಿ ಹೋದ.

ಗದ್ದೆಯ ಮೇವು ತೀರಿತು. ಬಲೆ ಕಿತ್ತು ಮುಂದಿನ ಊರಿಗೆ ಹೊರಡುವ ಹೊತ್ತು. ಗಂಡ ಹೆಂಡತಿ ಹೇಳಿ ಹೋಗಲೆಂದು ಸಾಹುಕಾರನ ಮನೆಗೆ ಬಂದರು. ಕಟ್ಟೆಯ ಕೆಳಗೆ ನಿಂತರು. ಕನಕಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

"ಈಗ್ಯಾಕ ಹೊಂಟ್ರಿ? ಮ್ಯಾಲಿನ ಗದ್ದಿ ಉಳದೈತಿ. ಅಲ್ಲೂ ಹಟ್ಟಿ ಹಾಕ್ರಿ."

"ಅಲ್ಲಿ ಮೇವಿಲ್ರಿ ಯಪ್ಪಾ," ಕನಕಪ್ಪ ಅಂದ. "ಮತ್ತ, ಇಲ್ಲೀದು ಕಾಳೂ ಕೊಟ್ಟಿಲ್ರಿ ನೀವು."

"ಕಾಳು? ಔಷಧಿ ಯಾರ ಹೆಸರಿನಾಗ ಬಂತು? ಲಸಿಕಿ ಯಾರ ಹೆಸರಿನಾಗ ಬಂತು? ಅದರ ಮ್ಯಾಲ ಕಾಳೂ ಬೇಕ?" ಗುರುಬಸವ ಕಾಲಿನಿಂದ ನೆಲ ಒದ್ದು ತೂಗುಮಂಚ ತೂಗಿದ. "ಹೋಗೂದಿದ್ರ ಹೋಗ್ರಿ. ನಾ ಏನ್ ಕಟ್ಟಿ ಹಾಕೀನೇನು? ಕುರಿ ಬಿಟ್ಟು ಹೋಗ್ರಿ."

ಅವನು ಫೋನನ್ನು ಎತ್ತಿ ಅಂಗೈಯಲ್ಲಿ ಅಲ್ಲಾಡಿಸಿದ. ಅಷ್ಟೇ. ಜೋರು ಮಾಡಲಿಲ್ಲ. ಬೈಯಲಿಲ್ಲ.

ಕನಕಪ್ಪ ಬಾಗಿದ. ಅವನು ಅಲ್ಲೇ ಕಟ್ಟೆಗೆ ಹಣೆ ಹಚ್ಚಿ, "ಯಪ್ಪಾ, ಹಂಗನಬ್ಯಾಡ್ರಿ," ಅಂದ. ಗಂಡನ ಹಣೆ ಆ ಕಲ್ಲಿಗೆ ತಾಗಿದ್ದನ್ನು ಕಸ್ತೂರೆಮ್ಮ ನೋಡಿದಳು. ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಆತ್ರಿ ಸಾವ್ಕಾರ್ರ," ಅಂದಳು. "ಬಿಟ್ಟು ಹೋಗ್ತೀವಿ."

ದಾರಿಯುದ್ದಕ್ಕೂ ಕನಕಪ್ಪ ಅವಳ ಮುಖ ನೋಡುತ್ತ ಬಂದ. ನಿನಗೆ ಹುಚ್ಚು ಹಿಡಿದಿದೆಯೇ ಎಂದು ಕೇಳಿದ. ಕಸ್ತೂರೆಮ್ಮ ದ್ಯಾಮಣ್ಣನ ಹಟ್ಟಿಗೆ ಹೋಗಿ ಬಹಳ ಹೊತ್ತು ಮಾತಾಡಿದಳು. ಅಲ್ಲಿಂದ ಶಿವಲಿಂಗಮ್ಮನ ಹಟ್ಟಿಗೆ ಹೋದಳು. ಬಂದವಳೇ ರೊಟ್ಟಿ ಬಡಿದಳು, ಉಂಡಳು, ಮಲಗಿದಳು. ಗೊರಕೆ ಹೊಡೆದಳು.

ಬೆಳಿಗ್ಗೆ ಬಲೆ ಬಿಚ್ಚಿ ಹಿಂಡನ್ನು ಕ್ಯಾಂಪಿನ ಸಿಮೆಂಟ್ ರಸ್ತೆಗೆ ತಿರುವಿದಳು. ಈ ಸಲ ಅವಳು ಮುಂದೆ, ಕನಕಪ್ಪ ಹಿಂದೆ. ಸಾಹುಕಾರನ ಮನೆಯ ಗೇಟು ತೆರೆದಿತ್ತು. ಅವಳು ಬದಿಗೆ ಸರಿದು ನಿಂತು ಬಾಯಲ್ಲಿ ಟ್ರ್ರ್ ಅಂದಳು. ಹಿಂಡು ಹಿಂಡೇ ಒಳಗೆ ಹೊಕ್ಕಿತು.

"ಸಾವ್ಕಾರ್ರ, ನಿಮ್ಮ ಕುರಿ ಬಂದಾವ್ರಿ," ಎಂದು ಕೂಗಿದಳು. "ಎಣಿಸ್ಕೊಳ್ರಿ. ನಾವು ಹೋಗ್ತೀವಿ."

ಹೋಗಲಿಲ್ಲ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತಳು. ಎಲೆ ಅಡಿಕೆ ತೆಗೆದಳು.

ಅಂಗಳ ಕುರಿಯಿಂದ ತುಂಬಿ ಹೋಯಿತು. ಶೇಖರಮ್ಮನ ಸೇವಂತಿಗೆ ಮೊದಲು ಹೋಯಿತು. ದಾಸವಾಳ ಆಮೇಲೆ ಹೋಯಿತು. ಎರಡು ಮರಿ ತೂಗುಮಂಚ ಹತ್ತಿದವು. ಸಾಹುಕಾರನನ್ನು ಫೋಟೊದಲ್ಲಿ ತಬ್ಬಿಕೊಂಡಿದ್ದ ಟಗರು ಬುಲೆಟ್ ಗಾಡಿಯ ಕನ್ನಡಿಯಲ್ಲಿ ಇನ್ನೊಂದು ಟಗರನ್ನು ಕಂಡು ಗುಮ್ಮಿತು. ಕನ್ನಡಿ ಹೋಯಿತು. ಗುರುಬಸವ ಬನಿಯನ್ನಿನಲ್ಲಿ ಹೊರಗೆ ಬಂದ. ಹೊಸ್ತಿಲ ಮುಂದೆ ಬಿದ್ದ ಹಿಕ್ಕೆಯ ಮೇಲೆ ಕಾಲಿಟ್ಟು ಜಾರಿ ಬಾಗಿಲು ಹಿಡಿದುಕೊಂಡ.

"ಏನಬೇ ಇದು?"

"ನಿಮ್ಮ ಕುರಿ ಅಂದ್ರಲ್ರಿ. ಕಾಯ್ಕೊಳ್ರಿ. ಮಧ್ಯಾಹ್ನ ನೀರಿಗೆ ಬಿಡಬೇಕ್ರಿ. ಆ ಬಿಳಿ ಮಾರಿ ಕುರಿ ಇವತ್ತೋ ನಾಳೆಯೋ ಈಯ್ತೈತಿ, ಕಣ್ಣಿಟ್ಟಿರ್ರಿ."

"ಪೊಲೀಸರಿಗೆ ಫೋನ್ ಮಾಡ್ತೀನಿ ನೋಡು."

"ಮಾಡ್ರಿ. ಏನಂತ ಹೇಳ್ತೀರಿ? ನನ್ನ ಕುರಿ ನನ್ನ ಮನೀಗೆ ಬಂದಾವಂತನ?"

ಮಿಲ್ಲಿನ ಹಮಾಲರು ಕೆಲಸ ಬಿಟ್ಟು ಬಂದು ಕಂಪೌಂಡಿನ ಮೇಲೆ ಕೈಯಿಟ್ಟು ನಿಂತಿದ್ದರು. ಆ ಮಾತಿಗೆ ಅವರಲ್ಲಿ ಒಬ್ಬ ಕಿಸಕ್ಕೆಂದ. ಉಳಿದವರು ತಡೆಯಲಾರದೆ ನಕ್ಕುಬಿಟ್ಟರು. ಗುರುಬಸವ ಫೋನು ಎತ್ತಿದವನು ಮತ್ತೆ ಇಳಿಸಿದ.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಧೂಳು ಎದ್ದಿತು. ದ್ಯಾಮಣ್ಣನ ಹಿಂಡು. ಅದರ ಬೆನ್ನಿಗೆ ಶಿವಲಿಂಗಮ್ಮನ ಹಿಂಡು. ಎಲ್ಲ ಕಿವಿಯಲ್ಲೂ ಹಳದಿ ಬಿಲ್ಲೆ. ಅಂಗಳದಲ್ಲಿ ಜಾಗವಿರಲಿಲ್ಲ. ಕುರಿಗಳು ಗೇಟಿನಿಂದ ಮಿಲ್ಲಿನ ತನಕ ರಸ್ತೆ ತುಂಬ ನಿಂತವು. ಭತ್ತದ ಲಾರಿಯೊಂದು ಬಂದು ಹಾರ್ನ್ ಹೊಡೆದು ಹೊಡೆದು ಸುಮ್ಮನಾಯಿತು.

"ಇವೂ ನಿಮ್ಮವಂತಲ್ಲಪಾ ಸಾವ್ಕಾರ," ದ್ಯಾಮಣ್ಣ ಕೋಲು ಊರಿ ನಿಂತ. "ಎಲ್ಲಿ ಕಟ್ಟೂಣು ಹೇಳು. ನನಗೂ ವಯಸ್ಸಾತು. ಇನ್ ಮ್ಯಾಲ ನಿಮ್ಮ ಕುರಿ ನೀವ ನೋಡ್ಕೊಳ್ರಿ."

ಎಲ್ಲ ನಗುತ್ತಿದ್ದಾಗಲೇ ಕಸ್ತೂರೆಮ್ಮನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಪಡಸಾಲೆಯ ಗೋಡೆಗೆ ತೌಡಿನ ಚೀಲ ಪೇರಿಸಿದ್ದನ್ನು ಅವಳು ಈಗ ನೋಡಿದಳು. ಕುರಿಗಳೂ ನೋಡಿದ್ದವು. ಬೆಳಗಿನ ಜಾವವೇ ಕಾಲುವೆ ಏರಿಯ ಮೇಲೆ ಹೊಟ್ಟೆ ತುಂಬ ಮೇಯಿಸಿಕೊಂಡು ಬಂದಿದ್ದಳು. ಆದರೆ ತೌಡಿನ ವಾಸನೆ ಮೂಗಿಗೆ ಬಡಿದರೆ ಕುರಿ ಹೊಟ್ಟೆಯ ಮಾತು ಕೇಳುವುದಿಲ್ಲ. ಗಬಗಬ ಮುಕ್ಕುತ್ತದೆ. ಮುಕ್ಕಿದರೆ ಹೊಟ್ಟೆ ಉಬ್ಬುತ್ತದೆ. ಉಬ್ಬಿದ್ದು ಇಳಿಯದಿದ್ದರೆ ಸಂಜೆಯೊಳಗೆ ಕಾಲು ಚಾಚುತ್ತದೆ. ಒಂದು ಕುರಿ ಆಗಲೇ ಚೀಲ ಕಚ್ಚಿ ಎಳೆಯುತ್ತಿತ್ತು.

ಕನಕಪ್ಪ ಎದ್ದು ನಿಂತ. ಕಸ್ತೂರೆಮ್ಮ ಅವನ ಧೋತರ ಹಿಡಿದು ಕೂಡಿಸಿದಳು. ಈಗ ಅವಳು ಒಳಗೆ ಓಡಿದರೆ ಕುರಿ ಅವಳವಾಗುವುದಿಲ್ಲ. ಆಳು ಬಂದು ಧಣಿಯ ಕುರಿ ಬಿಡಿಸಿದ ಹಾಗಾಗುತ್ತದೆ.

"ಸಾವ್ಕಾರ್ರ," ಅವಳ ದನಿ ಒಡೆಯಿತು. "ತೌಡು ತಿಂದ್ರ ಸಾಯ್ತಾವ. ಚೀಲಾ ಎಳೀರಿ. ಲಗೂ ಎಳೀರಿ."

ಗುರುಬಸವ ಹಮಾಲರ ಕಡೆ ನೋಡಿದ. ಹಮಾಲರು ಬೇವಿನ ಮರದ ಕಡೆ ನೋಡಿದರು. ಅವನೇ ಚೀಲಕ್ಕೆ ಕೈ ಹಾಕಿದ. ಮೊದಲನೆಯದು ಅಲುಗಲಿಲ್ಲ. ಎರಡನೆಯದು ಅಲುಗಿತು, ಆಮೇಲೆ ಹರಿಯಿತು. ತೌಡು ಅವನ ತಲೆಯ ಮೇಲೆ, ಬನಿಯನ್ನಿನ ಒಳಗೆ, ಮೀಸೆಯಲ್ಲಿ. ಕುರಿಗಳು ಅವನನ್ನೇ ನೆಕ್ಕಲು ಶುರುವಿಟ್ಟವು. ಅವನು ಹರಿದ ಚೀಲದ ಮೇಲೆ ಬೋರಲು ಬಿದ್ದು ಎರಡೂ ಕೈಯಿಂದ ತಬ್ಬಿಕೊಂಡ. ದೊಡ್ಡ ಟಗರು ಹಿಂದಕ್ಕೆ ಎರಡು ಹೆಜ್ಜೆ ಸರಿದು ತಲೆ ತಗ್ಗಿಸಿತು.

"ಏ ಕಸ್ತೂರೆಮ್ಮಾ," ಸಾಹುಕಾರ ಕೂಗಿದ. ಆ ಅಂಗಳದಲ್ಲಿ ಅವಳ ಪೂರ್ತಿ ಹೆಸರು ಅದೇ ಮೊದಲು ಕೇಳಿದ್ದು. "ನಿನ್ನ ಕುರಿ ಎಳಕೋ ಅತ್ತಾಗ."

ಕಸ್ತೂರೆಮ್ಮ ಎದ್ದಳು. ರಸ್ತೆ ದಾಟಿ ಗೇಟಿಗೆ ಬಂದಳು.

"ಯಾರ ಕುರಿ ಅಂದ್ರಿ?"

"ನಿನ್ನವು. ನಿನ್ನ ಕುರಿ. ಕರ್ಕೊ."

"ಮಂದಿ ಕೇಳ್ಯಾರ್ರಿ," ಅಂದಳು. ಬಾಯಿಗೆ ಕೈ ಒಡ್ಡಿ ಒಂದು ಕೂಗು ಹಾಕಿದಳು. ಅಂಗಳದ ತಲೆಗಳೆಲ್ಲ ಒಮ್ಮೆಲೆ ಅವಳ ಕಡೆ ತಿರುಗಿದವು. ಟಗರೂ ತಿರುಗಿತು. ತೌಡು ಬಿಟ್ಟು, ಹೂವಿನ ಕುಂಡ ಬಿಟ್ಟು, ತೂಗುಮಂಚ ಬಿಟ್ಟು ಹಿಂಡು ಅವಳ ಹಿಂದೆ ರಸ್ತೆಗೆ ಬಂತು. ಬಂದದ್ದು ರಸ್ತೆಯಲ್ಲೇ ನಿಂತಿತು. ಅವಳು ಮುಂದಕ್ಕೆ ಹೊಡೆಯಲಿಲ್ಲ.

"ಬಾಯಿಲೆ ಅಂದದ್ದು ಫೋನಿನಾಗೂ ಆಗ್ಲಿ," ಅಂದಳು. "ನಾಹೀದಾನ್ನ ಕರದೀನಿ."

ನಾಹೀದಾ ಸ್ಕೂಟಿಯನ್ನು ಲಾರಿಯ ಹಿಂದೆಯೇ ಬಿಟ್ಟು ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಮಾಲೀಕರ ಹೆಸರು ಬದಲಿಸುವ ಜಾಗ ತೆರೆದಳು. ತೆರೆದವಳು ಕಸ್ತೂರೆಮ್ಮನನ್ನು ಬದಿಗೆ ಕರೆದಳು.

"ಅಕ್ಕಾರ, ಒಂದು ಮಾತು. ನಿಮ್ಮ ಹೆಸರಿಗೆ ಬಂದ್ವು ಅಂದ್ರ ಊರು ಜಾಲಿಗುಡ್ಡ ಆಗ್ತೈತಿ. ಮತ್ತ ಅದ ಕೆಂಪಕ್ಷರ ಬರ್ತೈತಿ. ಹೆಸರೇನೋ ಬದಲಾಗ್ತೈತಿ, ನನಗ ಔಷಧಿ ಕೊಡಾಕ ಬರಾಂಗಿಲ್ರಿ. ಎಳೇ ಮರಿಗಳಿಗೆ ಇನ್ನೊಂದು ಲಸಿಕಿ ಬಾಕಿ ಐತಿ."

ಕಸ್ತೂರೆಮ್ಮ ಹಿಂಡಿನ ಕಡೆ ನೋಡಿದಳು. ಹೋದ ವರ್ಷದ ಗುಂಡಿ ಅವಳ ಕಣ್ಣ ಮುಂದೆ ಬಂತು. ಗಂಡನ ಹಣೆ ಕಲ್ಲಿಗೆ ತಾಗಿದ್ದೂ ಬಂತು.

"ಬರ್ಲಿ ಕೆಂಪಕ್ಷರ," ಅಂದಳು. "ಮೊದಲ ನನ್ನ ಕುರಿ ನನಗ ಬರ್ಲಿ."

ಸಾಹುಕಾರ ಒಳಗೆ ಹೋಗಿ ಕೂತಿದ್ದ. ಫೋನು ಟಣ್ ಅಂದಿತು. ಅವನು ಎತ್ತಲಿಲ್ಲ. ಶೇಖರಮ್ಮ ತಾನೇ ಫೋನು ಹಿಡಿದು ಹೊರಗೆ ಬಂದಳು. ಗಂಡನ ಮೇಲಿನ ಸಿಟ್ಟೋ, ಹೂವಿನ ಗಿಡ ಹೋದ ಸಂಕಟವೋ, ಮುಖ ಕೆಂಪಾಗಿತ್ತು.

"ಬರಕೊಳ್ಳವ್ವ ನಾಹೀದಾ. ಮೂರು, ಐದು, ಐದು, ಎಂಟು." ಒಂದೇ ಉಸಿರಿನಲ್ಲಿ ಹೇಳಿದಳು. ಚಸ್ಮಾ ಬೇಕಾಗಲಿಲ್ಲ.

ದ್ಯಾಮಣ್ಣನ ಹಿಂಡಿಗೆ ಬಂದ ಅಂಕಿಯನ್ನೂ ಹೇಳಿದಳು. ಶಿವಲಿಂಗಮ್ಮನ ಹಿಂಡಿನದನ್ನೂ ಹೇಳಿದಳು. ಮಧ್ಯಾಹ್ನವಾಗುವುದರೊಳಗೆ ಗುರುಬಸವ ಮತ್ತೆ ಬರೀ ಮಿಲ್ಲಿನ ಸಾಹುಕಾರನಾದ. ಕಾಳು ಮಾತ್ರ ಕೊಡಲಿಲ್ಲ. ತಿಂದ ತೌಡಿಗೆ, ಒಡೆದ ಕನ್ನಡಿಗೆ ಹೋಯಿತು ಅಂದ. ಕನಕಪ್ಪ ರುಮಾಲು ತಲೆಗೆ ಸುತ್ತಿಕೊಂಡ. ಕುರಿಗಳು ಕಾಲುವೆ ಏರಿ ಹತ್ತಿದವು.

ಸುಖಾಂತವಾಯಿತು ಅಂದುಕೊಳ್ಳುವ ಹಾಗಿರಲಿಲ್ಲ. ನಾಹೀದಾ ಹೇಳಿದ್ದೇ ಆಯಿತು. ಗಂಗಾವತಿ ಕಡೆಗೆ ಸಾಗುತ್ತಿರುವಾಗ ಎಳೆಯ ಮರಿಗಳಿಗೆ ಜ್ವರ ಹತ್ತಿತು. ಫೋನು ಹೊರಗಿನವರು ಅಂದಿತು. ಎರಡು ಮರಿ ಸತ್ತವು. ಕಸ್ತೂರೆಮ್ಮ ಕಾಲುವೆ ಬದಿಗೆ ಗುಂಡಿ ತೋಡಿದಳು. ಮಣ್ಣು ಮುಚ್ಚಿ ಕೈ ತೊಳೆದವಳೇ, ನಾಹೀದಾಳ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಸಹಾಯವಾಣಿಯ ನಂಬರನ್ನು ಕೇಳಿ ತಿಳಿದುಕೊಂಡು ಗುಂಡಿ ಫೋನಿನಲ್ಲಿ ಒತ್ತಿದಳು.

"ನಿಮ್ಮ ಊರು ಯಾವುದಮ್ಮ?" ಆ ಕಡೆಯ ಹುಡುಗಿ ಕೇಳಿದಳು.

"ಜಾಲಿಗುಡ್ಡ."

"ಅದು ನಮ್ಮ ವ್ಯಾಪ್ತಿಯಲ್ಲಿ ಬರುವುದಿಲ್ಲ."

"ಹಂಗಾರ ನಿಮ್ಮ ವ್ಯಾಪ್ತಿ ಈ ಕಡೀಗೊಂದೀಟು ಸರಸ್ರಿ. ಎರಡು ಮರಿ ಸತ್ತಾವ್ರಿ ಇಲ್ಲೆ."

ಅದು ಪುಕ್ಕಟೆ ನಂಬರು. ಅವಳು ಮರುದಿನವೂ ಮಾಡಿದಳು. ದ್ಯಾಮಣ್ಣನಿಂದ ಮಾಡಿಸಿದಳು. ಅವನಿಗೆ ಕಿವಿ ಮಂದ. ಆ ಹುಡುಗಿ ಏನು ಹೇಳಿದರೂ ಜಾಲಿಗುಡ್ಡ ಜಾಲಿಗುಡ್ಡ ಎಂದು ಕೂಗುತ್ತಿದ್ದ. ಶಿವಲಿಂಗಮ್ಮ ಮಾಡಿದಳು. ಕಾಲುವೆ ಸೀಮೆಯಲ್ಲಿ ಎಲ್ಲೆಲ್ಲಿ ಕುಷ್ಟಗಿ ಕಡೆಯ, ಯಲಬುರ್ಗಿ ಕಡೆಯ ಹಟ್ಟಿಗಳಿದ್ದವೋ ಅಲ್ಲೆಲ್ಲ ಸುದ್ದಿ ಮುಟ್ಟಿತು. ಕುರಿ ಮೇಯಿಸುವವರಿಗೆ ಹಗಲೆಲ್ಲ ಹೊತ್ತಿರುತ್ತದೆ. ಕುರಿ ಮೇಯುತ್ತಿದ್ದರೆ ಇವರು ಫೋನು ಹಚ್ಚುತ್ತಿದ್ದರು. ನಾಹೀದಾಳ ಮೇಲಿನವರು ಅವಳನ್ನು ಕರೆದು, ಇವರಿಗೆಲ್ಲ ಈ ನಂಬರು ಕೊಟ್ಟವರು ಯಾರು ಎಂದು ಗದರಿದರು.

"ಪೆಟಿಗಿ ಮ್ಯಾಲ ನೀವ ಬರದೀರಲ್ರಿ ಸರ್," ಅಂದಳಂತೆ ಅವಳು.

ಹಿಂಡುಗಳು ಊರ ಕಡೆ ಮುಖ ಮಾಡಿ ಕುಷ್ಟಗಿ ಹಾದಿ ಹಿಡಿದಿದ್ದಾಗ ಒಂದು ಬೆಳಿಗ್ಗೆ ನಾಹೀದಾ ಅಷ್ಟು ದೂರ ಸ್ಕೂಟಿ ಹೊಡೆದುಕೊಂಡು ಬಂದಳು. ಪೆಟ್ಟಿಗೆ ತಂದಿದ್ದಳು. ಫೋನು ತೆರೆದು ತೋರಿಸಿದಳು. ಆ್ಯಪು ಹೊಸದಾಗಿತ್ತು. ಊರುಗಳ ಪಟ್ಟಿಯ ಕೊನೆಗೆ ಒಂದು ಸಾಲು ಕೂಡಿತ್ತು.

"ಇದನ್ನ ಒತ್ತಿದ್ರ ಎಲ್ಲಿದ್ರೂ ಔಷಧಿ ಕೊಡಾಕ ಬರ್ತೈತ್ರಿ ಅಕ್ಕಾರ. ಕೆಂಪಕ್ಷರ ಇಲ್ಲ. ಒಟಿಪಿನೂ ನಿಮ್ಮ ಫೋನಿಗೆ."

"ಏನಂತ ಬರದಾರದು?"

"ಊರಿಲ್ಲದವರು ಅಂತ ಬರದಾರ್ರಿ."

ಕಸ್ತೂರೆಮ್ಮನ ಹುಬ್ಬು ಕೂಡಿದವು.

"ಊರಿಲ್ಲದವರು ಯಾರು? ನಮಗ ಊರೈತಿ. ಮನಿ ಐತಿ. ಓಟೂ ಐತಿ. ಕುರಿ ಹಿಂದ ನಡದ್ರ ಊರು ಕಳೀತೈತೇನು? ಆ ಸಾವ್ಕಾರ ಕೆಲಸಕ್ಕಂತ ಹೈದ್ರಾಬಾದಿಗೆ ಹೋಗ್ತಾನಲ್ಲ, ಅವನಿಗೂ ಊರಿಲ್ಲೇನು?"

"ಇಲ್ರಿ. ಅವರಿಗೆ ಹಂಗ ಬರಿಯಾಂಗಿಲ್ಲ."

"ಮತ್ತ?"

ನಾಹೀದಾಳಿಗೆ ನಗು ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಬೆರಳು ಆ ಸಾಲಿನ ಮೇಲೆ ಹಾಗೇ ನಿಂತಿತ್ತು. "ಒತ್ಲೋ ಬ್ಯಾಡೋ, ಹೇಳ್ರಿ."

ಕಸ್ತೂರೆಮ್ಮ ಹಿಂಡಿನ ಕಡೆ ನೋಡಿದಳು. ಬಿಳಿ ಮುಖದ ಕುರಿಯ ಮರಿ ತಾಯಿಯ ಹೊಟ್ಟೆಯ ಕೆಳಗೆ ಹೊಕ್ಕು ಹಾಲು ಗುದ್ದುತ್ತಿತ್ತು.

"ಒತ್ತು," ಅಂದಳು. "ಸೂಜಿ ಹಾಕು. ಜಗಳ ಮಾಡಾಕ ಸೂಜಿ ಹಾಕಿದ ಮ್ಯಾಲೂ ಬರ್ತೈತಿ."

ಅವಳ ಗುಂಡಿ ಫೋನು ಟಣ್ ಅಂದಿತು. ನಾಲ್ಕು ಅಂಕಿ ಬಂದವು. ಅಂಕಿಯ ಸುತ್ತಲಿನ ಇಂಗ್ಲಿಷ್ ಓದಲು ಬರದ ಅವಳು ಫೋನನ್ನು ನಾಹೀದಾಳ ಮುಖಕ್ಕೆ ಹಿಡಿದಳು. ಆಮೇಲೆ ಒಂದೊಂದೇ ಮರಿಯನ್ನು ಎತ್ತಿ ಮಂಡಿಯ ನಡುವೆ ಹಿಡಿದು ಕೊಡತೊಡಗಿದಳು. ಸೂಜಿ ಚುಚ್ಚಿದಾಗ ಮರಿ ಒದೆಯಿತು. ಅವಳು ಎಡಗೈಯಿಂದ ಅದರ ದವಡೆ ಹಿಡಿದಳು. ಬಲಗೈಯಿಂದ ಸಹಾಯವಾಣಿಯ ನಂಬರು ಒತ್ತಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿದಳು. ಆ ಕಡೆ ಯಾರೋ ಎತ್ತಿದರು.

"ಹಾಂ, ನಾನ್ರಿ," ಅಂದಳು. "ಜಾಲಿಗುಡ್ಡದ ಕಸ್ತೂರೆಮ್ಮ."